ಗಿಣಿ ಹಸಿರು ರೈಫಲ್

ಎಲ್ಲರ ಬಾಯಲ್ಲೂ ಅವಳು ಪೇಂಟರ್ ಅಕ್ಕ. ಬಸ್ಸುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಅರ್ಧ ಆಯುಷ್ಯ ಕಳೆದವಳು. ಮೂಗಿಗೆ ಬಟ್ಟೆ ಕಟ್ಟಿ ಕೆಲಸಕ್ಕೆ ನಿಂತಳೆಂದರೆ ಪಕ್ಕದಲ್ಲಿ ಸಿಡಿಲು ಬಡಿದರೂ ತಿರುಗಿ ನೋಡುವವಳಲ್ಲ. ಭಾನುವಾರ ಬಂತೆಂದರೆ ಮಾತ್ರ ಕೈ ತೊಳೆದುಕೊಂಡು ರೈಫಲ್ ಕ್ಲಬ್ಬಿಗೆ ಹೋಗುತ್ತಿದ್ದಳು. ಚಾಪೆಯ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು, ದೂರದ ಕಾಗದಕ್ಕೆ ಗುರಿಯಿಟ್ಟು ಹೊಡೆಯುವುದು ಅವಳ ಚಟ. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಇವಳಿಗೆ ಬಂದೂಕಿನ ಹುಚ್ಚು" ಎಂದು ನಾದಿನಿಯರು ಮೂಗು ಮುರಿದರು. ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ.

ಹೀಗಿರುವಾಗ ಕ್ಲಬ್ಬಿನವರು ಹೊಸ ನಿಯಮ ತಂದರು. ಐವತ್ತು ದಾಟಿದವರಿಗೆ ಇನ್ನು ಮೇಲೆ ಕ್ಲಬ್ಬಿನ ರೈಫಲ್ ಕೊಡುವುದಿಲ್ಲ, ಅವೆಲ್ಲ ಎಳೆಯರಿಗೆ. ವಯಸ್ಸಾದವರು ಸ್ವಂತದ್ದು ತರಬೇಕು. ಅದೂ ಸುಮ್ಮನೆ ತಂದರಾಗದು. ಕೋಚ್ ಎದುರಿಗೆ ಐದು ಗುಂಡು ಹೊಡೆದಾಗ ಐದೂ ತೂತು ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಹತ್ತಿರ ಬೀಳಬೇಕು. ಇಲ್ಲದಿದ್ದರೆ ಚಾಪೆಗಳ ಸಾಲಿನಲ್ಲಿ ಜಾಗವಿಲ್ಲ, ಹಿಂದಿನ ಬೆಂಚೇ ಗತಿ. ಈ ನಿಯಮಕ್ಕೆ ಸಿಕ್ಕಿಬಿದ್ದವಳು ಇಡೀ ಕ್ಲಬ್ಬಿನಲ್ಲಿ ಅವಳೊಬ್ಬಳೇ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ ಅಷ್ಟೇ.

ಕಣ್ಣು ಮಂಜಾಗಿ ಆಟ ಬಿಟ್ಟ ಹಿರಿಯರೊಬ್ಬರಿಂದ ಅವಳು ಹಳೆಯ ರೈಫಲ್ ಒಂದನ್ನು ಲೈಸೆನ್ಸ್ ಸಮೇತ ತನ್ನ ಹೆಸರಿಗೆ ಮಾಡಿಸಿಕೊಂಡಳು. ನಳಿಗೆ ಚೆನ್ನಾಗಿತ್ತು. ಗುಂಡು ತುಂಬಿ ಸಿಡಿಸುವ ಉಕ್ಕಿನ ಭಾಗ, ಅದನ್ನು ಆಕ್ಷನ್ ಎನ್ನುತ್ತಾರೆ, ಅದೂ ಚೆನ್ನಾಗಿತ್ತು. ಇವೆರಡನ್ನೂ ಹೊತ್ತುಕೊಂಡು ಹೆಗಲಿಗೆ ಆನಿಕೊಳ್ಳುವ ಮರದ ಸ್ಟಾಕ್ ಮಾತ್ರ ಸೀಳಿಹೋಗಿತ್ತು. ಅದೇ ಅಳತೆಯ ಫೈಬರ್‌ಗ್ಲಾಸ್ ಸ್ಟಾಕ್ ಒಂದು ಕ್ಲಬ್ಬಿನ ಗುಜರಿಯಲ್ಲಿ ಬಿದ್ದಿತ್ತು, ಬಣ್ಣವೆಲ್ಲ ಎದ್ದು ತೊನ್ನು ಹತ್ತಿದಂತೆ. ಅದನ್ನು ಕೇಳಿ ತಂದಳು. ಉಜ್ಜಿದಳು, ತೊಳೆದಳು, ಪ್ರೈಮರ್ ಕೊಟ್ಟಳು. ಕಪ್ಪೋ ಕಂದೋ ಹೊಡೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವಳು ಗಿಣಿ ಹಸಿರು ಹೊಡೆದಳು. ನನ್ನನ್ನು ಬೆಂಚಿಗೆ ಕಳಿಸುವವರು ನನ್ನ ರೈಫಲ್ಲನ್ನು ದೂರದಿಂದಲೇ ನೋಡಲಿ ಎಂಬ ಹಟ. ಕೋಟ್ ಮೇಲೆ ಕೋಟ್ ಕೊಟ್ಟಳು, ಒಳಗೂ ಹೊರಗೂ. ಕನ್ನಡಿ ನಾಚಬೇಕು, ಹಾಗೆ ಹೊಳೆಯಿತು. ಆಕ್ಷನ್ ಕೂರಿಸಿ, ಎರಡು ಸ್ಕ್ರೂ ಬಿಗಿದು, ಎದೆಯುಬ್ಬಿಸಿ ಕ್ಲಬ್ಬಿಗೆ ಹೊರಟಳು.

ಐದು ಗುಂಡು ಐದು ದಿಕ್ಕಿಗೆ ಹೋದವು. ಕೋಚ್ ಕಾಗದವನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದ.

"ಅಮ್ಮ, ಬಣ್ಣ ಮಾತ್ರ ಸೂಪರ್. ಮನೇಲಿ ಗೋಡೆಗೆ ನೇತುಹಾಕಿ, ಚೆನ್ನಾಗಿ ಕಾಣುತ್ತೆ."

ಸಾಲಿಗೆ ಸಾಲೇ ನಕ್ಕಿತು. ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

"ನಗೋದು ಆಯ್ತಾ ಸಾರ್? ಮುಂದಿನ ಭಾನುವಾರ ಮತ್ತೆ ಹೊಡೀತೀನಿ."

"ಹೊಡೀರಿ. ಅದೇ ಕೊನೆ. ಆಮೇಲೆ ಬೆಂಚಿದೆಯಲ್ಲ, ಕೂತು ನೋಡ್ಕೊಂಡಿರಿ, ಯಾರು ಬೇಡ ಅಂತಾರೆ?"

ಮನೆಗೆ ಬಂದವಳೇ ಊಟದ ಮೇಜಿನ ಮೇಲೆ ರೈಫಲ್ ಮಲಗಿಸಿದಳು. ನಳಿಗೆಗೂ ಸ್ಟಾಕಿನ ತುದಿಗೂ ನಡುವೆ ಬೆರಳಿಟ್ಟು ಮುಂದಿನ ಸ್ಕ್ರೂ ಸಡಿಲಿಸಿದಳು. ನಳಿಗೆ ಬೆರಳಿನಡಿ ಪುಟಕ್ಕನೆ ಮೇಲೆದ್ದಿತು. ಸರಿಯಾಗಿ ಕೂತ ಆಕ್ಷನ್ ಹೀಗೆ ಎಗರುವುದಿಲ್ಲ. ಒತ್ತಾಯಕ್ಕೆ ಬಗ್ಗಿ ಕೂತದ್ದು ಮಾತ್ರ ಎಗರುತ್ತದೆ. ಬಗ್ಗಿ ಕೂತ ರೈಫಲ್ ಹೇಳಿದ ಕಡೆ ಹೊಡೆಯುವುದೂ ಇಲ್ಲ.

"ಸ್ಟಾಕೇ ಸೊಟ್ಟಗಿದೆ, ಅದಕ್ಕೇ ಗುಜರಿಗೆ ಹಾಕಿದ್ರು" ಎಂದು ತಲೆಗೆ ಕೈ ಹೊತ್ತಳು.

ಗಂಡ ದರ್ಜಿ. ಅದೇ ಕೋಣೆಯ ಮೂಲೆಯಲ್ಲಿ ಕೂತು ಯಾರದೋ ಕೋಟನ್ನು ಬಿಚ್ಚುತ್ತಿದ್ದ.

"ಈ ಕೋಟಿಗೂ ಅದೇ ರೋಗ ಕಣೇ. ಅಳತೆ ಸರಿ ಇದೆ, ಹೊಲಿಗೆ ಸರಿ ಇದೆ. ಒಳಗಡೆ ಲೈನಿಂಗ್ ದಪ್ಪ ಆಗೋಯ್ತು. ಹೆಗಲ ಮೇಲೆ ಕೂರು ಅಂದ್ರೆ ಕೂರಲ್ಲ."

ಅವಳು ದಡಕ್ಕನೆ ಎದ್ದಳು. ಆಕ್ಷನ್ ಬಿಚ್ಚಿ ತೆಗೆದು ಸ್ಟಾಕಿನ ಹೊಟ್ಟೆಯೊಳಗೆ ಇಣುಕಿದಳು. ಗಿಣಿ ಹಸಿರು! ಕೂದಲೆಳೆಯಷ್ಟು ಸಂದೂ ಇರಬಾರದೆಂದು ಆಕ್ಷನ್ನಿನ ಅಳತೆಗೇ ಅಚ್ಚು ಹಾಕಿಟ್ಟ ಜಾಗಕ್ಕೆ ಅವಳು ಕೋಟ್ ಮೇಲೆ ಕೋಟ್ ಬಳಿದಿದ್ದಳು. ಬಸ್ಸಿನ ಬಾಗಿಲಿನ ಒಳಮೈಯನ್ನೂ ಬಿಡದೆ ಬಣ್ಣ ಹೊಡೆಯುವ ಕೈ, ಇಲ್ಲಿ ಬಿಟ್ಟೀತೇ? ಬಂದೂಕು ರಿಪೇರಿಯವನು ಈ ತಪ್ಪು ಮಾಡುತ್ತಿರಲಿಲ್ಲ. ಒಳ್ಳೆಯ ಪೇಂಟರ್ ಮಾತ್ರ ಮಾಡುತ್ತಾಳೆ.

"ಎಲ್ಲೆಲ್ಲಿ ತಗಲ್ತಾ ಇದೆ ಅಂತ ಗೊತ್ತಾಗ್ಬೇಕಲ್ಲ?" ಎಂದ ಗಂಡ.

ಅವಳು ಸೀದಾ ಫ್ಯಾನ್ಸಿ ಅಂಗಡಿಗೆ ಹೋಗಿ ಲಿಪ್‌ಸ್ಟಿಕ್ ಕೇಳಿದಳು.

"ನಿಮ್ಮ ಬಣ್ಣಕ್ಕೆ ಈ ಶೇಡ್ ಒಪ್ಪುತ್ತೆ ಆಂಟಿ" ಎಂದಳು ಅಂಗಡಿಯವಳು.

"ನನಗಲ್ಲಮ್ಮ, ಕಬ್ಬಿಣಕ್ಕೆ. ಬೇಗ ಒಣಗದೆ ಇರೋದು ಕೊಡು."

ಆಕ್ಷನ್ನಿನ ತಳಕ್ಕೆ ಕೆಂಪು ಸವರಿ, ಸ್ಟಾಕಿನೊಳಗೆ ಇಟ್ಟು, ಒತ್ತಿ, ಎತ್ತಿ ನೋಡಿದಳು. ಹಸಿರಿನ ಮೇಲೆ ಎರಡೇ ಎರಡು ಕೆಂಪು ಮಚ್ಚೆ. ಇಷ್ಟು ದೊಡ್ಡ ಉಕ್ಕು ಆ ಎರಡು ಗುಬುಟಿನ ಮೇಲೆ ತುದಿಗಾಲಲ್ಲಿ ನಿಂತಂತೆ ನಿಂತಿತ್ತು. ಚೂಪು ಬ್ಲೇಡು ಹಿಡಿದು ಕೆರೆದಳು. ತಾನೇ ಹೊಡೆದ, ತನ್ನ ಜೀವಮಾನದಲ್ಲೇ ಚೆಂದದ ಬಣ್ಣ ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತು. ಹೊಟ್ಟೆ ಉರಿಯಿತು, ಸುಳ್ಳೇಕೆ? ಆದರೂ ಕೈ ನಿಲ್ಲಿಸಲಿಲ್ಲ. ಸವರುವುದು, ಕೂರಿಸುವುದು, ಎತ್ತುವುದು, ಕೆರೆಯುವುದು. ವಾರವಿಡೀ ಶೆಡ್ಡಿನಿಂದ ಬಂದವಳೇ ಇದೇ ಕೆಲಸ. ಮಚ್ಚೆ ಎರಡಿದ್ದದ್ದು ನಾಲ್ಕಾಯಿತು, ಹತ್ತಾಯಿತು. ಕಡೆಗೆ ಒಳಗಿನ ಹಸಿರೆಲ್ಲ ಹೋಗಿ, ಬರೀ ಫೈಬರ್‌ಗ್ಲಾಸಿನ ಮೇಲೆ ಕೆಂಪು ಒಂದೇ ಸಮನಾಗಿ ಹರಡಿತು. ಎಲ್ಲ ಒರೆಸಿ, ಸ್ಕ್ರೂ ಬಿಗಿದು, ಮತ್ತೆ ಬೆರಳಿಟ್ಟು ಸಡಿಲಿಸಿದಳು. ನಳಿಗೆ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ರೀ, ಕೂತ್ಕೊಂತು!" ಎಂದು ಕೂಗಿದಳು. ಗಂಡ ಬೆಚ್ಚಿ ಸೂಜಿ ಚುಚ್ಚಿಕೊಂಡ.

ಭಾನುವಾರ ಕೋಚ್ ಹಿಂದೆಯೇ ಕೈಕಟ್ಟಿ ನಿಂತ. ಅವಳು ಮೂರನೇ ಚಾಪೆಯ ಮೇಲೆ ಮಲಗಿ, ಒಂದೊಂದಕ್ಕೂ ಉಸಿರು ಬಿಗಿಹಿಡಿದು ಐದು ಗುಂಡು ಹೊಡೆದಳು. ಕಾಗದ ಬಂತು. ಐದು ತೂತು ಒಂದರೊಳಗೊಂದು ಸೇರಿ ಹೂವಿನಂತಾಗಿದ್ದವು. ಕೋಚ್ ನಾಣ್ಯ ಇಟ್ಟ. ನಾಣ್ಯದ ಸುತ್ತ ಬರೀ ಬಿಳಿ ಕಾಗದ. ಸಾಲಿನಲ್ಲಿ ಯಾರೂ ನಗಲಿಲ್ಲ.

ಕೋಚ್ ರೈಫಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದ. ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ಅಮ್ಮ, ಕ್ಲಬ್ಬಲ್ಲಿ ಇಷ್ಟು ಚೆನ್ನಾಗಿ ಹೊಡೆಯೋ ರೈಫಲ್ ಇನ್ನೊಂದಿಲ್ಲ. ಮುಂದಿನ ತಿಂಗಳು ಪಂದ್ಯ ಇದೆ. ನಮ್ಮ ತಂಡದವರಿಗೆ ಇದನ್ನ ಅಲ್ಲಿ ಹೊಡೆಯೋಕೆ ಕೊಟ್ರೆ ದೊಡ್ಡ ಉಪಕಾರ ಆಗುತ್ತೆ."

"ರೈಫಲ್ ಒಂದೇ ಬರಲ್ಲ ಸಾರ್. ನಾನೂ ಬರ್ತೀನಿ. ತಂಡದಲ್ಲಿ ನನ್ನನ್ನ ಸೇರಿಸ್ಕೊಳ್ಳಿ."

"ಅದು... ಅದು ಎಳೆಯರ ತಂಡ ಅಮ್ಮ."

"ಹಾಗಾದ್ರೆ ಎಳೆಯರ ರೈಫಲ್ಲಲ್ಲೇ ಹೊಡೀಲಿ" ಎಂದು ಅವನ ಕೈಯಿಂದ ರೈಫಲ್ ಇಸಿದುಕೊಂಡಳು. "ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್, ನಂದು ಇನ್ನೂ ಗುಂಡು ಉಳಿದಿದೆ."

ತಂಡಕ್ಕೆ ಅವಳನ್ನು ಸೇರಿಸಿಕೊಳ್ಳಲಿಲ್ಲ. ತಂಡ ಸೋತು ಬಂತು. ಅವಳು ಮಾತ್ರ ಪ್ರತಿ ಭಾನುವಾರ ಮೂರನೇ ಚಾಪೆಗೆ ಬಂದಳು, ಮತ್ತು ಏಳಿ ಎಂದು ಅವಳಿಗೆ ಹೇಳುವ ಧೈರ್ಯ ಆಮೇಲೆ ಆ ಕ್ಲಬ್ಬಿನಲ್ಲಿ ಯಾರಿಗೂ ಬರಲಿಲ್ಲ.