ಸಾಯದ ಬೆಕ್ಕಿಗೆ ಚಿನ್ನದ ಬೆಕ್ಕು

ನಮ್ಮ ಕಡೆಯ ಜನಕ್ಕೆ ಬೆಕ್ಕಿನ ಮೇಲೆ ಪ್ರೀತಿ ಇದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಅವರಿಗಿರುವುದು ಬೆಕ್ಕು ಸಾಯುವ ಭಯ. ಅಯ್ಯೋ ಒಂದು ಜೀವ ಹೋಗುತ್ತದಲ್ಲ ಎಂಬ ಭಯವೂ ಅಲ್ಲ, ಅದು ತಮ್ಮ ಕೈಯಲ್ಲಿ ಹೋಗಿಬಿಟ್ಟರೆ ಏನು ಗತಿ ಎಂಬ ಭಯ. ಬೆಕ್ಕನ್ನು ಕೊಂದವನಿಗೆ ಏಳೇಳು ಜನ್ಮಕ್ಕೂ ಬಿಡದ ಪಾಪ ಸುತ್ತಿಕೊಳ್ಳುತ್ತದಂತೆ. ಚಿನ್ನದ ಬೆಕ್ಕು ಮಾಡಿಸಿ ಪುರೋಹಿತರಿಗೆ ದಾನ ಕೊಟ್ಟರೆ ಮಾತ್ರ ಪರಿಹಾರವಂತೆ. ದನಕ್ಕೆ ಬಾರುಕೋಲಲ್ಲಿ ಬಾರಿಸುವವರು, ನಾಯಿಗೆ ಬಿಸಿನೀರು ಎರಚುವವರು, ಸೊಸೆಗೆ ಹೊಟ್ಟೆತುಂಬ ಅನ್ನ ಹಾಕದವರು, ಎಲ್ಲರೂ ಬೆಕ್ಕಿನ ವಿಷಯ ಬಂದಾಗ ಮಾತ್ರ ಧರ್ಮಾತ್ಮರಾಗುತ್ತಿದ್ದರು.

ಅರುವತ್ತರ ದಶಕದ ನಡುವಿನ ಮಾತು. ನಾನು ಸಾಗರದ ಒಂದು ಪ್ರೈಮರಿ ಶಾಲೆಯಲ್ಲಿ ಅಕ್ಕೋರು. ಅಮ್ಮ ಮತ್ತು ನಾನು ಒಂದು ಹೆಂಚಿನ ಮನೆಯ ಅರ್ಧದಲ್ಲಿ ಬಾಡಿಗೆಗಿದ್ದೆವು. ಉಳಿದರ್ಧದಲ್ಲಿ ಮನೆಯ ಯಜಮಾನರು ಇದ್ದರು. ಅವರಿಗೆ ಪೇಟೆಯಲ್ಲಿ ಅಕ್ಕಿ ಗಿರಣಿ ಇತ್ತು. ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು ಕೆಮ್ಮಿ, ಬೀದಿಗೆಲ್ಲ ಕೇಳುವಂತೆ ದೇವರ ನಾಮ ಹೇಳಿ, ಆಮೇಲೆ ಗಿರಣಿಯ ಆಳುಗಳನ್ನು ಬಯ್ಯಲು ಹೋಗುತ್ತಿದ್ದರು. ಎರಡೂ ಮನೆಗೆ ಹಿತ್ತಲು ಒಂದೇ. ಹಿತ್ತಲ ಮೂಲೆಯಲ್ಲಿ ಅವರ ಅಕ್ಕಿ ಮೂಟೆಗಳ ಕೋಣೆ.

ಬೆಕ್ಕು ನಮಗೆ ಸಿಕ್ಕಿದ್ದು ಒಂದು ಲಾರಿಯಿಂದ. ಶರಾವತಿಗೆ ಅಣೆಕಟ್ಟು ಕಟ್ಟಿದ್ದರಿಂದ ಹೊಸನಗರದ ಕಡೆಯ ಎಷ್ಟೋ ಊರುಗಳು ನೀರಿಗೆ ಹೋಗುತ್ತಿದ್ದವು. ಮುಳುಗಡೆಯವರ ಲಾರಿಗಳು ಸಾಗರದ ಮೇಲೆ ಹಾದುಹೋಗುತ್ತಿದ್ದವು. ಅಂಥ ಒಂದು ಲಾರಿ ನಮ್ಮ ಶಾಲೆಯ ಎದುರು ಚಾ ಕುಡಿಯಲು ನಿಂತಿತು. ಕಿತ್ತ ಬಾಗಿಲು, ತೊಲೆ, ಒನಕೆ, ತೊಟ್ಟಿಲು, ಮೇಲೆ ಒಂದು ನಾಯಿ. ಒಂದು ಗೋಣಿಯೊಳಗಿಂದ ಬೂದು ಬಣ್ಣದ ಮರಿಯೊಂದು ತಲೆ ಹೊರಗೆ ಹಾಕಿತು. ಲಾರಿಯಲ್ಲಿದ್ದ ಹೆಂಗಸು ಅದರ ಕುತ್ತಿಗೆ ಹಿಡಿದು ಇಳಿಸಿ ರಸ್ತೆ ಬದಿಯಲ್ಲಿಟ್ಟಳು. "ಹೊಸ ಮನೆಗೆ ಹಳೇ ಬೆಕ್ಕು ಹೋಗ್ಬಾರ್ದು ಅಕ್ಕೋರೆ," ಎಂದಳು, ನಾನು ಕೇಳದಿದ್ದರೂ. ಹಳೇ ಒನಕೆ ಹೋಗಬಹುದು, ಹಳೇ ನಾಯಿ ಹೋಗಬಹುದು, ಮೂಟೆಗಳ ಮಧ್ಯೆ ಕೂತು ತೂಕಡಿಸುತ್ತಿದ್ದ ಹಳೇ ಅತ್ತೆಯೂ ಹೋಗಬಹುದು. ಅಂಗೈಯಷ್ಟಿದ್ದ ಮರಿ ಮಾತ್ರ ಹೋಗಬಾರದು. ನಾನು ಅದನ್ನು ಸೆರಗಲ್ಲಿ ಸುತ್ತಿಕೊಂಡು ಮನೆಗೆ ತಂದೆ.

ಅದಕ್ಕೆ ನಾವು ಹೆಸರಿಡಲಿಲ್ಲ. ಅಮ್ಮ ನಾಲಗೆಯಲ್ಲಿ ಚಿಕ್ ಚಿಕ್ ಎಂದರೆ ಬರುತ್ತಿತ್ತು. ನಾನು ಕರೆದರೆ ಬರುತ್ತಿರಲಿಲ್ಲ, ಕರೆಯದಿದ್ದಾಗ ಬಂದು ಮಕ್ಕಳ ಕಾಪಿ ಪುಸ್ತಕಗಳ ಮೇಲೆ ಮಲಗುತ್ತಿತ್ತು. ಮಾಡಿದ ಉಪಕಾರಕ್ಕೆ ಬಾಲ ಅಲ್ಲಾಡಿಸದ ಆ ಜೀವವನ್ನು ನಾನು ಬಹಳ ಹಚ್ಚಿಕೊಂಡೆ. ಮನುಷ್ಯರಲ್ಲಿ ಅಷ್ಟು ನೇರ ಸ್ವಭಾವದವರು ನನಗೆ ಹೆಚ್ಚು ಸಿಕ್ಕಿಲ್ಲ.

ಬೇಸಿಗೆ ರಜೆ ಶುರುವಾದ ವಾರ, ಬೆಳಿಗ್ಗೆ, ಹಿತ್ತಲಿನಿಂದ ಒಂದು ಕೂಗು ಕೇಳಿತು. ಯಜಮಾನರು ಹೆಗ್ಗಣಕ್ಕೆಂದು ಅಕ್ಕಿ ಕೋಣೆಯ ಹಿಂದೆ ಕಬ್ಬಿಣದ ಹಲ್ಲಿನ ಬೋನು ಇಟ್ಟಿದ್ದರು. ಅದರ ಬಾಯಲ್ಲಿ ಒಣಮೀನಿನ ತುಂಡು. ಮಾಂಸದ ವಾಸನೆ ಬಂದರೆ ಮೂಗು ಮುಚ್ಚುವ ಆ ಮನೆಯಲ್ಲಿ ಹೆಗ್ಗಣಕ್ಕೆ ಮಾತ್ರ ಒಣಮೀನು ನಡೆಯುತ್ತಿತ್ತು. ನಾನು ಓಡಿಹೋದಾಗ ಬೆಕ್ಕಿನ ಮುಂಗಾಲು ಬೋನಿನಲ್ಲಿತ್ತು. ಮೂಳೆ ಮುರಿದು ಚರ್ಮದಲ್ಲಷ್ಟೇ ನೇತಾಡುತ್ತಿತ್ತು. ನಾನು ಮತ್ತು ಅಮ್ಮ ಸೇರಿ ಬೋನಿನ ಬಾಯಿ ಬಿಡಿಸಿದೆವು. ಬೆಕ್ಕು ನನ್ನ ಬೆರಳನ್ನು ಕಚ್ಚಿ ಹಿಡಿದಿತ್ತು, ಕಚ್ಚಿಕೊಂಡೇ ಇರಲಿ ಅನ್ನಿಸಿತು.

ಯಜಮಾನರು ತಮ್ಮ ಬಾಗಿಲಿನಿಂದ ಒಂದು ಹೆಜ್ಜೆ ಈಚೆ ಬರಲಿಲ್ಲ. "ಅಕ್ಕೋರೆ, ಜೀವ ಇದ್ಯಾ ನೋಡಿ," ಎಂದರು. ಇದೆ ಎಂದೆ. "ಹಂಗಾದ್ರೆ ಬೇಗ ನಿಮ್ ಕಡೆ ತಗೊಂಡ್ಹೋಗ್ಬಿಡಿ. ಇಲ್ಲಿ ಬೇಡ. ಮಗಳು ಬಸುರಿ, ಮನೇಲಿದಾಳೆ."

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ನಿಜ. ಆದರೆ ಹಿತ್ತಲು ಒಂದೇ ಆಗಿರುವಾಗ ನಮ್ಮ ಕಡೆ ಎಂದರೆ ಎಲ್ಲಿಂದ ಶುರು? ಬಾವಿಯ ಕಟ್ಟೆಯಿಂದ ಈಚೆ ಸತ್ತರೆ ಪಾಪ ನಮ್ಮದು, ಆಚೆ ಸತ್ತರೆ ಅವರದು ಎಂದು ಅವರು ಮನಸ್ಸಿನಲ್ಲೇ ಗೆರೆ ಎಳೆದಿದ್ದರು. ಬೋನು ಯಾರದು ಎಂಬ ಪ್ರಶ್ನೆ ಆ ಗೆರೆಗೆ ಬೇಕಿರಲಿಲ್ಲ.

ದನದ ಡಾಕ್ಟರ ಬಳಿ ಹೋದೆ. ಅವರು ಬುಟ್ಟಿಯ ಮುಚ್ಚಳ ಎತ್ತಿ ನೋಡಿ ತಕ್ಷಣ ಮುಚ್ಚಿದರು. ಎಮ್ಮೆಯ ಹೊಟ್ಟೆಗೆ ಮೊಳಕೈವರೆಗೂ ಕೈ ಹಾಕುವ ಮನುಷ್ಯ. "ಇದು ಉಳಿಯಲ್ಲ. ಸೂಜಿ ಚುಚ್ಚಿದಾಗ್ಲೇ ಹೋಗ್ಬಿಟ್ರೆ ನನ್ ತಲೆಗ್ ಬರುತ್ತೆ," ಎಂದರು. ಕಾಲೇಜು ಮೆಟ್ಟಿಲು ಹತ್ತಿ ಓದಿದವರು, ಗೋಡೆಗೆ ಸರ್ಟಿಫಿಕೇಟು ತೂಗುಹಾಕಿದವರು. ಪಾಪಕ್ಕೆ ಹೆದರುವುದನ್ನೂ ಅಲ್ಲೇ ಹೇಳಿಕೊಟ್ಟರೋ ಏನೋ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡು ಹೊರಬಂದೆ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ನನ್ನ ದೊಡ್ಡಮ್ಮನ ಮನೆ. ಅಲ್ಲಿಗೆ ಹೋಗೋಣ ಎಂದಳು ಅಮ್ಮ. ಬಾಗಿಲಿಗೆ ಬೀಗ ಹಾಕಿ, ಹಳೇ ಸೀರೆಯಲ್ಲಿ ಸುತ್ತಿದ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು. ಹೊಸನಗರ ಸಮೀಪಿಸುವಾಗ ಬೆಕ್ಕು ಒಮ್ಮೆ ನರಳಿತು. ಕಂಡಕ್ಟರು ಬುಟ್ಟಿಯಲ್ಲಿ ಇಣುಕಿದ. ಆಮೇಲೆ ಬಸ್ಸಿಗೆ ಬಸ್ಸೇ ಇಣುಕಿತು. ಬಸ್ಸಿನಲ್ಲಿ ಬೆಕ್ಕು ಸತ್ತರೆ ಗಾಡಿ ಕಮರಿಗೆ ಬೀಳುತ್ತದೆ ಎಂದು ಒಬ್ಬ, ಪಾಪವನ್ನು ಟಿಕೆಟು ತಗೊಂಡವರೆಲ್ಲ ಹಂಚಿಕೊಳ್ಳಬೇಕಾಗುತ್ತದೆ ಎಂದು ಇನ್ನೊಬ್ಬ. ಅಂತೂ ಹೊಸನಗರದಲ್ಲಿ ನಮ್ಮನ್ನು ಇಳಿಸಿ, ಬಸ್ಸು ಹಗುರಾಗಿ ಮುಂದೆ ಹೋಯಿತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಅತ್ತೆ. ಸಿಟ್ಟಿಗೆ ಎಷ್ಟು, ದುಃಖಕ್ಕೆ ಎಷ್ಟು ಎಂದು ಹೇಳಲಾರೆ.

ಅಮ್ಮ ಅಳಲಿಲ್ಲ. ಪೇಟೆಗೆ ಹೋಗಿ ಎರಡು ಕಟ್ಟು ಬಸಳೆ ಸೊಪ್ಪು ತಂದು ಬುಟ್ಟಿಯ ಮೇಲೆ ಸಡಿಲವಾಗಿ ಹೊದಿಸಿದಳು. ಮುಂದಿನ ಬಸ್ಸಿನಲ್ಲಿ ನಾವು ಸೊಪ್ಪು ಒಯ್ಯುವ ಹೆಂಗಸರು. ಯಾರ ಧರ್ಮಕ್ಕೂ ಧಕ್ಕೆಯಾಗಲಿಲ್ಲ.

ದೊಡ್ಡಮ್ಮ ಬಾಯಿಬಡುಕಿ. ಬುಟ್ಟಿ ನೋಡಿದವಳೇ, "ಇದನ್ನ ಹೊತ್ಕೊಂಡು ಇಷ್ಟು ದೂರ ಬಂದ್ರಾ? ತಲೆ ನೆಟ್ಟಗಿದ್ಯಾ?" ಎಂದಳು. ಬೈಯುತ್ತಲೇ ಉಪ್ಪುನೀರು ಕಾಯಿಸಿದಳು, ಬೈಯುತ್ತಲೇ ಗಾಯ ತೊಳೆದು ಅರಿಶಿನ ಮೆತ್ತಿದಳು. ಸತ್ತರೆ ಪಾಪ ಬರುತ್ತದಲ್ಲ ದೊಡ್ಡಮ್ಮ, ನಿನಗೆ ಹೆದರಿಕೆ ಇಲ್ಲವೇ ಎಂದೆ. "ಇರೋದ್ರ ಜೊತೆ ಇನ್ನೊಂದು. ನೀನು ತಲೆ ಗಟ್ಟಿ ಹಿಡ್ಕ," ಎಂದಳು. ಅವಳಿಗೂ ಮದ್ದು ಗೊತ್ತಿರಲಿಲ್ಲ, ಗೊತ್ತಿದ್ದದ್ದು ಉಪ್ಪು ಮತ್ತು ಅರಿಶಿನ. ಆದರೆ ಇಡೀ ದಾರಿಯಲ್ಲಿ ಅದನ್ನು ಮುಟ್ಟಲು ಒಪ್ಪಿದ ಹೊರಗಿನ ಕೈ ಅವಳದೊಂದೇ.

ಬೆಕ್ಕು ಅಡಿಗೆಮನೆಯ ಕಟ್ಟಿಗೆ ರಾಶಿಯ ಹಿಂದೆ ಸೇರಿ ಗೋಡೆಗೆ ಮುಖ ಮಾಡಿ ಮಲಗಿತು. ಹತ್ತಿಯನ್ನು ಹಾಲಲ್ಲಿ ಅದ್ದಿ ತುಟಿಗೆ ಹಿಂಡಿದರೆ ಪಕ್ಕದಿಂದ ಸೋರಿಹೋಗುತ್ತಿತ್ತು. ಕಾಲಿನ ಮುರಿದ ಭಾಗ ಕಪ್ಪಾಗಿ ಒಣಗಿ, ಒಂದು ದಿನ ತಾನಾಗಿ ಕಳಚಿತು. ನಾನು ಅದನ್ನು ತೆಂಗಿನ ಬುಡದಲ್ಲಿ ಹೂತೆ. ಸಾಯುವುದಾದರೆ ಇವತ್ತೇ ಸಾಯಲಿ ಎಂದುಕೊಂಡೆ, ಮರುಕ್ಷಣ ದೇವರೇ ಬೇಡ ಎಂದುಕೊಂಡೆ. ದೇವರನ್ನು ನಂಬದ ನಾನು ಆ ತಿಂಗಳಲ್ಲಿ ಅವನನ್ನು ಬಹಳ ಸಲ ಕರೆದಿದ್ದೇನೆ, ಅವನು ತಿರುಗಿಯೂ ನೋಡಲಿಲ್ಲ.

ತುಂಗೆಯಿಂದ ಯಾರೋ ಸಣ್ಣ ಮೀನು ತಂದ ದಿನ ದೊಡ್ಡಮ್ಮ ಅದನ್ನು ಸವರಿ ತೊಳೆಯುತ್ತ ಕೂತಿದ್ದಳು. ಕಟ್ಟಿಗೆ ರಾಶಿಯ ಹಿಂದಿನಿಂದ ಒಂದು ಮೂಗು ಹೊರಬಂತು. ಮೂರು ಕಾಲಲ್ಲಿ ಎದ್ದು, ಬಿದ್ದು, ಮತ್ತೆ ಎದ್ದು ಬಂದು ದೊಡ್ಡಮ್ಮನ ಕೈಯಿಂದಲೇ ಮೀನು ಕಿತ್ತುಕೊಂಡಿತು. "ದರಿದ್ರದ್ದು," ಎಂದಳು ದೊಡ್ಡಮ್ಮ, ಇನ್ನೊಂದನ್ನು ಕೊಟ್ಟಳು. ತಿಂದಾದ ಮೇಲೆ ಅದು ಮುಖ ತೊಳೆಯಲು ಕೂತು ಇಲ್ಲದ ಪಂಜವನ್ನು ಎತ್ತಿತು. ಮೋಟು ಕಾಲು ಗಾಳಿಯಲ್ಲಿ ಆಡುತ್ತಿತ್ತು, ನಾಲಗೆಗೆ ಏನೂ ಸಿಗುತ್ತಿರಲಿಲ್ಲ. ಅಲ್ಲಿಂದ ನಾನು ಎದ್ದು ಹೋದೆ.

ಶಾಲೆ ತೆರೆಯುವ ಹೊತ್ತಿಗೆ ಸಾಗರಕ್ಕೆ ಮರಳಿದೆವು. ಜಗಲಿಯಲ್ಲಿ ಬುಟ್ಟಿ ಇಳಿಸಿದೆ, ಬೆಕ್ಕು ಕುಂಟುತ್ತ ಹೊರಬಂದು ಮೈ ಮುರಿಯಿತು. ಯಜಮಾನರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. ಬದುಕಿತಲ್ಲ ಎಂಬ ಸಮಾಧಾನ ಆ ಮುಖದ ಮೇಲೆ ಬರುತ್ತದೆಂದು ಕಾದೆ. ಬಂದದ್ದು ಕೋಪ.

"ಇದು ಸತ್ತಿಲ್ವಾ?" ಎಂದರು.

ಆದದ್ದು ಇಷ್ಟು. ನಮ್ಮನ್ನು ಇಳಿಸಿದ ಆ ಕಂಡಕ್ಟರು ತನ್ನ ಬಸ್ಸನ್ನು ಪಾಪದಿಂದ ಉಳಿಸಿದ ಸಾಹಸವನ್ನು ಸಾಗರದ ಸ್ಟ್ಯಾಂಡಿನಲ್ಲಿ ಹೇಳಿಕೊಂಡಿದ್ದ. ಹೇಳುತ್ತ ಹೇಳುತ್ತ, ಅಕ್ಕೋರು ಇಳಿದ ಕೂಡಲೇ ಬೆಕ್ಕು ಸತ್ತಿತು ಎಂದೂ ಸೇರಿಸಿದ್ದ. ಸುದ್ದಿ ಯಜಮಾನರಿಗೆ ಮುಟ್ಟಿತು. ನನ್ನಿಂದ ಕಾಗದ ಬಂದಿರಲಿಲ್ಲ, ಅಷ್ಟು ಮರ್ಯಾದೆಯನ್ನು ಆ ಮನುಷ್ಯನಿಗೆ ನಾನು ಇಟ್ಟಿರಲಿಲ್ಲ. ಬಸುರಿ ಮಗಳ ಮುಖ ನೋಡಿ ನಡುಗಿದ ಅವರು ಚಿನ್ನದ ಬೆಕ್ಕು ಮಾಡಿಸಿ ಪುರೋಹಿತರಿಗೆ ದಾನ ಕೊಟ್ಟೇಬಿಟ್ಟಿದ್ದರು. ಎಷ್ಟು ದೊಡ್ಡದು ಎಂದು ಅಮ್ಮ ಅವರ ಹೆಂಡತಿಯನ್ನು ವಿಚಾರಿಸಿದಳು. ಹೆಸರುಕಾಳಿನಷ್ಟಂತೆ. ತಲೆ ಯಾವುದು, ಬಾಲ ಯಾವುದು ಎಂದು ಅಕ್ಕಸಾಲಿಯೇ ತೋರಿಸಿಕೊಡಬೇಕಾಯಿತಂತೆ. ಮಗಳಿಗೆ ಸುಖವಾಗಿ ಹೆರಿಗೆಯಾಗಿತ್ತು, ಅದರ ಕೀರ್ತಿಯೂ ಆ ಕಾಳಿಗೇ ಹೋಗಿತ್ತು.

ಮರುದಿನ ನೋಡುತ್ತೇನೆ, ಹಲ್ಲಿನ ಬೋನು ಅದೇ ಜಾಗದಲ್ಲಿ ಮತ್ತೆ ಬಾಯಿ ತೆರೆದು ಕೂತಿದೆ, ಅದೇ ಒಣಮೀನು. ತೆಗೆಯಿರಿ ಎಂದು ಕೇಳಲು ಹೋದೆ.

"ಯಾಕ್ ತೆಗೀಬೇಕು?" ಎಂದರು ಯಜಮಾನರು, ತಣ್ಣಗೆ. "ಆ ಬೆಕ್ಕಿನ ಪ್ರಾಯಶ್ಚಿತ್ತ ಆಗಿದೆ ಅಕ್ಕೋರೆ. ಇನ್ ಅದಕ್ಕೆ ಏನಾದ್ರೂ ನನಗ್ ತಟ್ಟಲ್ಲ. ನೀವು ಬೇಕಾದ್ರೆ ಕಟ್ಟಿ ಹಾಕ್ಕಳಿ."

ನನಗೆ ಆಗ ಅರ್ಥವಾಯಿತು. ನಾನು ಇಷ್ಟು ದಿನ ಹಳಿದುಕೊಂಡು ಬಂದ ಆ ಮೂಢನಂಬಿಕೆಯೇ ನನ್ನ ಬೆಕ್ಕಿಗಿದ್ದ ಒಂದೇ ಕಾವಲು. ಈ ಮನುಷ್ಯ ಆ ಪಾಪದ ಬೆಲೆಯನ್ನು ಮುಂಗಡವಾಗಿ ತೀರಿಸಿಬಿಟ್ಟಿದ್ದ. ಇಡೀ ಸಾಗರದಲ್ಲಿ ಪಾಪವಿಲ್ಲದೆ ಕೊಲ್ಲಬಹುದಾದ ಬೆಕ್ಕು ಒಂದೇ ಒಂದಿತ್ತು, ಅದೂ ಓಡಲಾರದ್ದು. ಕಟ್ಟಿ ಹಾಕಿದರೆ ಅದು ಅನ್ನ ಬಿಡುತ್ತಿತ್ತು, ಬಿಟ್ಟರೆ ಹಿತ್ತಲಿಗೆ ಹೋಗುತ್ತಿತ್ತು. ಅಷ್ಟು ಕಷ್ಟಪಟ್ಟು ಉಳಿದದ್ದು ಹೀಗೆ ಸಾಯುವುದಕ್ಕೇ ಎಂದು ನನಗೆ ಊಟ ಸೇರದಾಯಿತು.

ಅದೇ ಸಂಜೆ ಪುರೋಹಿತರ ಮನೆಗೆ ಹೋದೆ. ತರಗತಿಯಲ್ಲಿ ಮಕ್ಕಳಿಗೆ ಇಂಥದ್ದನ್ನೆಲ್ಲ ನಂಬಬೇಡಿ ಎನ್ನುತ್ತಿದ್ದವಳು ಕೈಮುಗಿದು ನಿಂತೆ. ನಾಚಿಕೆ ಆಗ ಆಗಲಿಲ್ಲ, ಈಗಲೂ ಇಲ್ಲ. "ಭಟ್ರೇ, ಬೆಕ್ಕು ಸತ್ತಿಲ್ಲ. ಸಾಯದ ಬೆಕ್ಕಿಗೆ ಕೊಟ್ಟ ದಾನ, ಅದು ಮುಂದೆ ಸತ್ತಾಗ ಒದಗುತ್ತಾ?" ಎಂದೆ.

ಪುರೋಹಿತರು ಮೊದಲು ಗಾಬರಿಯಾದರು, ಕೊಟ್ಟದ್ದನ್ನು ವಾಪಸು ಕೇಳಲು ಬಂದೆನೇನೋ ಎಂದು. ಅಲ್ಲವೆಂದು ತಿಳಿದ ಮೇಲೆ ಕಣ್ಣು ಮುಚ್ಚಿ ಯೋಚಿಸಿದರು. ಆ ಮುಚ್ಚಿದ ಕಣ್ಣಿನೊಳಗೆ ಇನ್ನೊಂದು ಚಿನ್ನದ ಬೆಕ್ಕು ನಡೆದುಬರುತ್ತಿರುವುದು ನನಗೆ ಹೊರಗಿನಿಂದಲೇ ಕಾಣಿಸಿತು. ಬೆಳಗಾಗುತ್ತಲೇ ಅವರೇ ಯಜಮಾನರ ಜಗಲಿಗೆ ಬಂದು ಕೂತರು.

"ಆಗದ ಪಾಪಕ್ಕೆ ಕೊಟ್ಟದ್ದು ಬರೀ ದಾನ. ಪುಣ್ಯ ಬಂತು, ಸಂತೋಷ. ಮುಂದಿನ ಪಾಪಕ್ಕೆ ಅದು ಸಲ್ಲೋದಿಲ್ಲ. ನಾಳೆ ಏನಾದ್ರೂ ಆದ್ರೆ ಬೇರೆ ಬೆಕ್ಕೇ ಆಗ್ಬೇಕು," ಎಂದು, ಸ್ವಲ್ಪ ತಡೆದು, "ಈ ಸಲದ್ದು ಸಣ್ಣದಾಯ್ತು ಯಜಮಾನ್ರೇ. ಮುಂದಿಂದು ಬೆಕ್ಕಿನ ತರ ಕಾಣೋ ಹಂಗಾದ್ರೂ ಇರ್ಲಿ," ಎಂದರು.

ಮಧ್ಯಾಹ್ನದೊಳಗೆ ಬೋನು ಗಿರಣಿಗೆ ಹೋಯಿತು. ಒಬ್ಬನ ಜಿಪುಣತನ, ಇನ್ನೊಬ್ಬನ ಆಸೆ, ಇವೆರಡರ ನಡುವೆ ನನ್ನ ಬೆಕ್ಕು ಬದುಕಿಕೊಂಡಿತು. ಆ ಇಬ್ಬರಲ್ಲಿ ಯಾರ ಮೇಲೂ ನನಗೆ ಗೌರವ ಹುಟ್ಟಲಿಲ್ಲ.

ಮರುದಿನದಿಂದ ಯಜಮಾನರು ಒಂದು ಲೋಟ ಹಾಲು ತಂದು ಬಾವಿಕಟ್ಟೆಯ ನಮ್ಮ ಬದಿಯಲ್ಲಿದ್ದ ತೆಂಗಿನ ಚಿಪ್ಪಿಗೆ ಸುರಿಯತೊಡಗಿದರು. ಹಸಿದು ತಮ್ಮ ಕಡೆ ಬಂದು ಸಾಯದಿರಲಿ ಎಂಬ ಲೆಕ್ಕಾಚಾರ. ಮಳೆಗಾಲದಲ್ಲಿ ಕೊಡೆ ಹಿಡಿದು ತರುತ್ತಿದ್ದರು. ಬೆಕ್ಕು ಅದನ್ನು ಕುಡಿದು ಅವರ ಕಡೆ ನೋಡದೆ ಹೋಗುತ್ತಿತ್ತು. ನೋಡಿ ನನಗೆ ಖುಷಿಯಾಗುತ್ತಿತ್ತು.

ದಶಕ ಮುಗಿಯುವ ಹೊತ್ತಿಗೆ ಅದು ಸತ್ತಿತು. ಒಂದು ವಾರ ಸರಿಯಾಗಿ ತಿನ್ನಲಿಲ್ಲ. ಒಂದು ಬೆಳಿಗ್ಗೆ ನನ್ನ ತೊಡೆಯ ಮೇಲೆ ಮಲಗಿದ್ದದ್ದು ಮೋಟು ಕಾಲನ್ನು ಒಮ್ಮೆ ಆಡಿಸಿ ತಣ್ಣಗಾಯಿತು. ನಾನು ಅದನ್ನು ಮಡಿಲಲ್ಲಿಟ್ಟುಕೊಂಡೇ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಯಜಮಾನರು ಎಂದಿನಂತೆ ಲೋಟ ಹಿಡಿದು ಬಂದವರು ನನ್ನ ಮುಖ ನೋಡಿ ನಿಂತರು.

"ಎಲ್ಲಿ ಸತ್ತಿದ್ದು?" ಎಂದು ಕೇಳಿದರು.

"ನನ್ನ ತೊಡೆ ಮೇಲೆ," ಎಂದೆ.

ಅವರು ನಿಟ್ಟುಸಿರು ಬಿಟ್ಟರು, ಬಿಡುಗಡೆಯ ನಿಟ್ಟುಸಿರು. ಥೂ ನಿನ್ನ ಜನ್ಮಕ್ಕೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಇನ್ನು ಹೋಗುತ್ತಾರೆ ಎಂದುಕೊಂಡರೆ ಹೋಗಲಿಲ್ಲ. ಕೈಯಲ್ಲಿದ್ದ ಲೋಟ ನೋಡಿದರು, ನನ್ನ ಮಡಿಲು ನೋಡಿದರು. ಆಮೇಲೆ ಬಾವಿಕಟ್ಟೆಗೆ ಹೋಗಿ, ದಿನಾ ಸುರಿಯುತ್ತಿದ್ದ ಚಿಪ್ಪಿಗೇ ಹಾಲು ಸುರಿದು, ಅದರ ಪಕ್ಕದಲ್ಲಿ ನಿಂತೇ ಇದ್ದರು.