ಎಡಕ್ಕೆ ಎಡಗಾಲು

ಹೊನ್ನಾವರದ ಸೋಮ ಅಂಬಿಗನಿಗೆ ವಿಮಾನ ಹಾರಿಸಲು ಕಲಿಯುವ ಹುಚ್ಚು ಹಿಡಿದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ. ಕುಮಟಾದ ಬ್ಯಾಂಕಿನಲ್ಲಿ ಗುಮಾಸ್ತ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದರೆ, ಘಟ್ಟದ ತಿರುವುಗಳಲ್ಲಿ ಕುಲುಕಿ ಕುಲುಕಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಹೆಣವಾಗಿರುತ್ತಿದ್ದ. ಅಲ್ಲಿನ ಹಾರಾಟ ಶಾಲೆಯ ವಿಮಾನವೂ ಆ ಬಸ್ಸಿನಂಥದ್ದೇ ಮುದಿ ಗಾಡಿ. ಬಾಲದಡಿ ಒಂದು ಪುಟ್ಟ ಚಕ್ರ. ನೆಲದ ಮೇಲೆ ಓಡುವಾಗ ಪೆಡಲುಗಳ ಮೇಲೆ ಕಾಲಿನ ಹಿಡಿತ ತಪ್ಪಿದರೆ ಗರ್ರನೆ ತಿರುಗಿಬಿಡುತ್ತಿತ್ತು.

ಸೋಮ ಚಿಕ್ಕಂದಿನಿಂದ ಅಪ್ಪನ ದೋಣಿಯ ಚುಕ್ಕಾಣಿ ಹಿಡಿದವನು. ದೋಣಿ ಎಡಕ್ಕೆ ಹೋಗಬೇಕಾದರೆ ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ದೂಡಬೇಕು. ವಿಮಾನದಲ್ಲಿ ಎಡಕ್ಕೆ ಹೋಗಲು ಎಡಗಾಲನ್ನೇ ಒತ್ತಬೇಕು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಗಾಬರಿಯಾದಾಗಲೆಲ್ಲ ಅವನ ಬಲಗಾಲೇ ಮುಂದೆ ಬರುತ್ತಿತ್ತು.

"ಎಡಕ್ಕ ಹೋಗಾಕ ಎಡಗಾಲು ಒತ್ತಪಾ! ಇದು ನಿಮ್ಮಪ್ಪನ ದೋಣಿ ಅಲ್ಲ" ಎಂದು ಕಲಿಸುವ ಕುಲಕರ್ಣಿಯವರು ಪಕ್ಕದ ಸೀಟಿನಿಂದ ಕೂಗುತ್ತಿದ್ದರು.

ಎರಡು ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ವಿಮಾನ ಗೆರೆ ಎಳೆದ ಹಾಗೆ ನೆಟ್ಟಗೆ ಇಳಿದು ನಿಂತಿತು. ಖುಷಿಪಡಲೂ ಸೋಮನಿಗೆ ತ್ರಾಣವಿರಲಿಲ್ಲ.

ಮುಂದಿನ ರಜೆಯಲ್ಲಿ ಶರಾವತಿಯ ಅಳಿವೆಯ ಹತ್ತಿರ ಅಪ್ಪ ಅವನ ಕೈಗೆ ಚುಕ್ಕಾಣಿ ಕೊಟ್ಟು ಬಲೆ ಬಿಡಿಸಲು ಕೂತ. ಎದುರಿಗೆ ಮರಳಿನ ದಿಬ್ಬ ಕಂಡಿತು. ದೋಣಿಯನ್ನು ಎಡಕ್ಕೆ ತಪ್ಪಿಸಲು ಸೋಮ ಹಿಡಿಯನ್ನು ಎಡಕ್ಕೇ ದೂಡಿದ. ದೋಣಿ ಬಲಕ್ಕೆ ಹೊರಳಿ ದಿಬ್ಬ ಹತ್ತಿ ಕೂತಿತು.

ಅಪ್ಪ ನೀರಿಗಿಳಿದು ದೋಣಿ ತಳ್ಳಿ, ಹತ್ತಿ ಬಂದು ಚುಕ್ಕಾಣಿ ತೆಗೆದುಕೊಂಡ.

"ನೀ ಮುಂದೆ ಹೋಗಿ ಕೂತ್ಕ" ಎಂದ, ಪೇಟೆಯಿಂದ ಬಂದ ನೆಂಟರಿಗೆ ಹೇಳುವ ದನಿಯಲ್ಲಿ.