ಬಲ ಇಳಿಸಿದ ಆಮೆ

ಮಗಳು ಕೀರ್ತಿ ಮೂರು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ ಎಂಬ ಚಿಂತೆ ಕೆಸರೆಯ ಭಾನುಪ್ರಿಯಾಳನ್ನು ಬಿಡುತ್ತಿರಲಿಲ್ಲ. ಶನಿವಾರ ಜಯಲಕ್ಷ್ಮಿಪುರಂನ ಮಕ್ಕಳ ಕಾರ್ಡ್ ಆಟದ ಕ್ಲಬ್ಬಿನಲ್ಲಿ ಹುಡುಗಿ ‘ಉಕ್ಕಿನ ಆಮೆ’ ಎಂಬ ಕಾರ್ಡು ಇಳಿಸಿ ಗೆದ್ದಾಗ, ಕ್ಲಬ್ ನಡೆಸುವ ವಾಗೀಶ ಎಲ್ಲರೆದುರೇ ಅವಳನ್ನು ಮೋಸಗಾತಿ ಎಂದಿದ್ದ. ಆಮೆಯ ಬಲ ಅತಿಯಾಯಿತೆಂದು ಕಾರ್ಡು ತಯಾರಿಸುವ ಕಂಪನಿ ಎರಡು ತಿಂಗಳ ಹಿಂದೆಯೇ ಅದೇ ಚಿತ್ರದ, ಅರ್ಧ ಬಲದ ಕಾರ್ಡು ತಂದು ಹಳೆಯದನ್ನು ಆಟದಿಂದ ತೆಗೆದಿತ್ತಂತೆ; ಕೀರ್ತಿ ಇಳಿಸಿದ್ದು ಆ ಹಳೆಯದನ್ನೇ.

“ಹಳೇದು ನಿಂಗೆಲ್ಲಿ ಸಿಕ್ತು ಕಣೇ?”

“ವಾಗೀಶ್ ಅಂಕಲ್ಲೇ ಕೊಟ್ರು. ಹೋದ ತಿಂಗಳು ನನ್ನ ನಾಲ್ಕು ಕಾರ್ಡ್ ಇಸ್ಕೊಂಡು, ಇದೊಂದಿದ್ರೆ ನಿನ್ನ ಯಾರೂ ಸೋಲ್ಸಕ್ಕಾಗಲ್ಲ ಅಂದ್ರು.”

ಜಗಳವೆಂದರೆ ಬೆವರುವ ಭಾನುಪ್ರಿಯಾಳಿಗೆ ಮೈಯೆಲ್ಲ ಉರಿಯಿತು. ಫೋನ್ ಹಚ್ಚಿದಳು.

“ವಾಗೀಶ್ ಅವ್ರೇ, ನಾನು ಕೀರ್ತಿ ಅಮ್ಮ. ಶನಿವಾರ ಬರ್ತೀವಿ. ಮೋಸ ಮಾಡಿದ್ದು ಯಾರು ಅಂತ ಅದೇ ಮಕ್ಕಳ ಮುಂದೆ ನೀವೇ ಹೇಳ್ಬೇಕು.”